ಅರ್ಬುದನಿರೋಧಕ ವಂಶವಾಹಿಗಳ ಮೌನ: ಅಡಕೆಸೀಮೆಯಿಂದ ಒಂದು ನೋಟ

ಕಡೂರು, ತರೀಕೆರೆ, ಅಜ್ಜಂಪುರಗಳನ್ನೊಳಗೊಂಡ ಸೀಮೆಯು 1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿನಲ್ಲಿದ್ದು, ಅನಂತರ ಚಿಕ್ಕಮಗಳೂರು ಜಿಲ್ಲೆಯೆನಿಸಿತು. ಇಲ್ಲಿಯ ತೋಟಿಗರಿಗೆ ಅಡಕೆಯು ಕೇವಲ ಬೆಳೆಯಲ್ಲ. ಸಾಲ ತೀರುವುದೂ ಮದುವೆ ಗೊತ್ತಾಗುವುದೂ ಅದರ ಧಾರಣೆಯನ್ನೇ ಅವಲಂಬಿಸಿವೆ. ಇಂತಹ ಅಡಕೆಯನ್ನು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿನ ಸಹವಾಸವಿಲ್ಲದೆಯೂ ಮನುಷ್ಯನಿಗೆ ಅರ್ಬುದಕಾರಕವೆಂದು ನಿರ್ಣಯಿಸಿತು. ಈ ನಿರ್ಣಯದ ಹಿನ್ನೆಲೆಯಲ್ಲಿ ವೈದ್ಯರ ಅನುಭವದ ಇತಿಹಾಸ ಒಂದು, ವಂಶವಾಹಿಗಳ ಇತಿಹಾಸ ಇನ್ನೊಂದು. ಇವೆರಡೂ ಬಹುಕಾಲ ಪರಸ್ಪರ ಪರಿಚಯವಿಲ್ಲದೆ ನಡೆದುವು.

ತಿರುವಾಂಕೂರು ಸೀಮೆಯ ನೆಯ್ಯೂರಿನಲ್ಲಿದ್ದ ಆರ್ ಎಂಬ ವೈದ್ಯರು ತಾಂಬೂಲ ಮೆಲ್ಲುವವರ ಬಾಯಿಯ ಅರ್ಬುದವನ್ನು ಕುರಿತು 1933ರಲ್ಲಿಯೇ ಬರೆದರು. 1952ರಲ್ಲಿ ಶ್ವಾರ್ಟ್ಸ್ ಎಂಬವರು ಆಫ್ರಿಕದ ಕೆನ್ಯದಲ್ಲಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ, ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ವ್ಯಾಧಿಯೊಂದನ್ನು ವರ್ಣಿಸಿದರು. ಅದು ಅಡಕೆಯ ಅಭ್ಯಾಸಕ್ಕೆ ಸಂಬಂಧಿಸಿದ್ದೆಂಬುದು ಮುಂದೆ ಸ್ಪಷ್ಟವಾಯಿತು. ಆದರೂ 1985ರಲ್ಲಿ ಮೇಲ್ಕಂಡ ಸಂಸ್ಥೆಯು ಹೊಗೆಸೊಪ್ಪು ಬೆರೆತ ತಾಂಬೂಲವನ್ನು ಮಾತ್ರ ದೂಷಿಸಿತು. ದೋಷವೆಲ್ಲ ಹೊಗೆಸೊಪ್ಪಿನದೆಂದು ಹೇಳಲು ಅಂದು ಅವಕಾಶವಿತ್ತು, ಇಂದು ಅದಿಲ್ಲ.

ಇನ್ನು ವಂಶವಾಹಿಗಳ ಕಥೆ. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಅಂಶಗಳು ವರ್ಣತಂತುಗಳಲ್ಲಿರಬೇಕೆಂದು ಬೊವೇರಿ 1914ರಲ್ಲಿ ಊಹಿಸಿದ್ದನು. 1969ರಲ್ಲಿ ಹ್ಯಾರಿಸ್ ಮತ್ತು ಅವರ ಸಂಗಡಿಗರು ಅರ್ಬುದಕೋಶವನ್ನು ಸಾಮಾನ್ಯಕೋಶದೊಡನೆ ಬೆಸೆದಾಗ ಅದರ ದುಷ್ಟಸ್ವಭಾವ ಅಡಗಿದ್ದನ್ನು ಕಂಡರು. ಕಣ್ಣಿನ ಅರ್ಬುದಕ್ಕೆ ತುತ್ತಾದ 48 ರೋಗಿಗಳ ವಿವರಗಳನ್ನು ಲೆಕ್ಕ ಹಾಕಿದ ನಡ್ಸನ್, ಎರಡು ಪೆಟ್ಟುಗಳು ಬಿದ್ದ ಹೊರತು ರೋಗ ಹುಟ್ಟದೆಂದು 1971ರಲ್ಲಿ ವಾದಿಸಿದರು. ತಂದೆಯಿಂದೊಂದು, ತಾಯಿಯಿಂದೊಂದು ಬಂದ ಪ್ರತಿಗಳೆರಡೂ ಕೆಡಬೇಕೆಂಬುದೇ ಇದರ ಅರ್ಥ. ಆ ವಂಶವಾಹಿಯು 1986ರಲ್ಲಿ ಕೈಗೆ ಸಿಕ್ಕಿತು. ಸ್ವಾರಸ್ಯವೆಂದರೆ, 1979ರಲ್ಲಿ ಗೊತ್ತಾದ ಪಿ53 ಎಂಬುದನ್ನು ಸುಮಾರು ಹತ್ತು ವರ್ಷ ವಿದ್ವಾಂಸರು ಅರ್ಬುದದ ಪೋಷಕವೆಂದೇ ಎಣಿಸಿದ್ದರು! ಅದು ಕಾವಲುಗಾರನೆಂಬುದು ತಿಳಿದದ್ದು 1989ರಲ್ಲಿ.

ಪೆಟ್ಟು ಎಂದರೆ ಬರಹದ ಅಕ್ಷರ ಕೆಡುವುದು ಎಂದೇ ಮೊದಲು ಭಾವಿಸಲಾಗಿತ್ತು. ಅಕ್ಷರ ಕೆಡದೆಯೂ ವಂಶವಾಹಿ ಮೂಕವಾಗಬಲ್ಲುದು. ಕಡೂರು ತಾಲ್ಲೂಕಿನ ಅಯ್ಯನಕೆರೆಯನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಏರಿ ಒಡೆದರೂ ಗದ್ದೆ ಒಣಗುತ್ತದೆ, ತೂಬು ಮುಚ್ಚಿದರೂ ಒಣಗುತ್ತದೆ. ಆದರೆ ಎರಡನೆಯ ಸಂದರ್ಭದಲ್ಲಿ ಕೆರೆಯ ನೀರು ಇದ್ದಲ್ಲಿಯೇ ಇರುತ್ತದೆ. ವಂಶವಾಹಿಯ ಆರಂಭಭಾಗದಲ್ಲಿರುವ ಸೈಟೋಸೀನ್ ಎಂಬ ಘಟಕಗಳಿಗೆ ಮೀಥೈಲ್ ಗುಂಪುಗಳು ಅಂಟಿಕೊಂಡು, ಸುತ್ತಣ ಪ್ರೋಟೀನುಗಳು ಬಿಗಿಯಾಗಿ ಕೂಡಿದಾಗ, ಕೋಶದ ಯಂತ್ರವು ಅದನ್ನು ಓದಲಾರದು. ಕೋಶ ಒಡೆದು ಎರಡಾದಾಗ ಈ ಮುದ್ರೆಯೂ ಪ್ರತಿಯಾಗುತ್ತದೆ. ಮೌನವು ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆ. ಕೋಶವಿಭಜನೆಯನ್ನು ತಡೆಯತಕ್ಕ ಪಿ16 ಎಂಬ ವಂಶವಾಹಿ ಹೀಗೆ ಮುಚ್ಚಿಹೋಗುವುದನ್ನು 1995ರಲ್ಲಿ ಹಲವು ಬಗೆಯ ಅರ್ಬುದಗಳಲ್ಲಿ ಗುರುತಿಸಲಾಯಿತು. ನಡ್ಸನ್ ಹೇಳಿದ ಪೆಟ್ಟು ಮುದ್ರೆಯ ರೂಪದಲ್ಲಿಯೂ ಬೀಳಬಹುದೆಂದು ಹೀಗೆ ಖಚಿತವಾಯಿತು.

ಎರಡು ಕಥೆಗಳು ಕೂಡಿದ್ದು ಇಲ್ಲಿ. ಶ್ರೀಲಂಕದ ತಾಂಬೂಲಪ್ರಿಯರ ಬಾಯಿಯಲ್ಲಿ ಅರ್ಬುದಕ್ಕೆ ಮುನ್ನ ತೋರುವ ವಿಕಾರಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವು, ಪಿ14, ಪಿ15, ಪಿ16 ಈ ಮೂರರಲ್ಲಿಯೂ ಮೀಥೈಲ್ ಮುದ್ರೆಯನ್ನು ಹೇರಳವಾಗಿ ಕಂಡಿತು. ಇದರಿಂದ ಅಡಕೆಯ ಕೇಡೆಲ್ಲವೂ ಈ ಒಂದೇ ದಾರಿಯಿಂದ ಬರುವುದೆಂದು ವಿದ್ಯಾರ್ಥಿಗಳು ಗ್ರಹಿಸಬಾರದು. ವಯಸ್ಸಾದಂತೆಯೂ ಇಂತಹ ಮುದ್ರೆಗಳು ಕೂಡುತ್ತವೆ. ಕೆಲವು ರೋಗದ ಕಾರಣವಲ್ಲದೆ ಫಲವೂ ಆಗಿರಬಹುದು. ಆದರೆ ವಿಕಾರವು ಇನ್ನೂ ಅರ್ಬುದವಾಗದಿರುವಾಗಲೇ ಕಾವಲು ಮೌನವಾಗಿರುತ್ತದೆಂಬುದು ಗಮನಾರ್ಹವಾದ ಸಂಗತಿ.

ಮುಚ್ಚಿದ ತೂಬನ್ನು ತೆರೆಯಬಹುದಷ್ಟೆ. ಮೀಥೈಲ್ ಮುದ್ರೆಯನ್ನು ಅಳಿಸುವ ಅಜಾಸಿಟಿಡೀನ್ ಎಂಬ ಔಷಧಕ್ಕೆ 2004ರಲ್ಲಿಯೂ ಡೆಸಿಟಬೀನ್ ಎಂಬುದಕ್ಕೆ 2006ರಲ್ಲಿಯೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅವು ಅಸ್ಥಿಮಜ್ಜೆಯ ವ್ಯಾಧಿಗೆ ಮೀಸಲಾದುವೇ ಹೊರತು ಬಾಯಿಯ ಅರ್ಬುದಕ್ಕಲ್ಲ. ಯಾವ ತೂಬನ್ನು ತೆರೆಯಬೇಕೆಂಬ ವಿವೇಚನೆಯೂ ಅವಕ್ಕಿಲ್ಲ. ಬಾಯಿಯ ಬಿಳಿಯ ಮಚ್ಚೆಗಳಲ್ಲಿ ಯಾವುದು ಅರ್ಬುದವಾದೀತೆಂಬುದನ್ನು ಪಿ16ರ ಮೌನದಿಂದ ಮುಂಚಿತವಾಗಿ ಅರಿಯುವ ಪ್ರಯತ್ನಗಳು ಮಾತ್ರ ನಡೆದಿವೆ.