ಕಂಪೈಲರ್ ಅಭ್ಯಾಸ ನಂಬಿದ ಯುನಿಕ್ಸ್

1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕರ್ನಲ್ ಅನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು ಅಂತ ನಾವೆಲ್ಲ ಓದಿದ್ದೀವಿ. ಪೂರ್ತಿ ಸಿ ಅಲ್ಲ! ಸ್ಟ್ಯಾಕ್, ರಿಜಿಸ್ಟರ್‌ಗಳನ್ನು ನೇರವಾಗಿ ಮುಟ್ಟುವ ಕೆಲಸ ಸಿ ಕೈಗೆ ಎಟುಕುತ್ತಿರಲಿಲ್ಲ. ಅದಕ್ಕೆ ಪುಟ್ಟ ಅಸೆಂಬ್ಲಿ ರೂಟೀನ್‌ಗಳು ಉಳಿದವು.

1975ರ ಆರನೇ ಆವೃತ್ತಿಯಲ್ಲಿದ್ದ ಅಂಥ ಒಂದು ಜೋಡಿ ಸೇವ್‌ಯು, ರೆಟ್‌ಯು. ಒಂದು ಪ್ರೋಸೆಸ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಸಿ ಕೋಡ್ ಇವನ್ನು ಕರೆಯುತ್ತಿತ್ತು. ಮೊದಲನೆಯದು ಸ್ಟ್ಯಾಕ್ ಜಾಗ ಗುರುತು ಹಾಕಿಡೋದು, ಎರಡನೆಯದು ಬೇರೆ ಪ್ರೋಸೆಸ್ಸಿನ ಸ್ಟ್ಯಾಕ್‌ಗೆ ಹಾರೋದು. ಗುರುತು ಹಾಕಿದ್ದು ಒಂದು ಫಂಕ್ಷನ್, ವಾಪಸ್ ಬರೋದು ಇನ್ನೊಂದು! ಆದರೂ ಪಿಡಿಪಿ-11ರಲ್ಲಿ ನಡೀತಿತ್ತು. ಯಾಕಂದ್ರೆ ಅಲ್ಲಿನ ಕಂಪೈಲರ್ ಎಲ್ಲ ಫಂಕ್ಷನ್‌ಗಳಲ್ಲೂ ರಿಜಿಸ್ಟರ್‌ಗಳನ್ನು ಒಂದೇ ರೀತಿ ಉಳಿಸುತ್ತಿತ್ತು.

ಇಂಟರ್‌ಡೇಟಾ ಯಂತ್ರಕ್ಕೆ ಯುನಿಕ್ಸ್ ಒಯ್ದಾಗ ಗುಟ್ಟು ರಟ್ಟಾಯಿತು. ಅಲ್ಲಿನ ಕಂಪೈಲರ್ ಫಂಕ್ಷನ್‌ಗೆ ತಕ್ಕಂತೆ ಬೇರೆ ಬೇರೆ ರಿಜಿಸ್ಟರ್ ಉಳಿಸುತ್ತಿತ್ತು. ಹಳೇ ಉಪಾಯ ಕೈಕೊಟ್ಟಿತು. ಏಳನೇ ಆವೃತ್ತಿಗೆ ಸೇವ್, ರೆಸ್ಯೂಮ್ ಅನ್ನೋ ಹೊಸ ಜೋಡಿ ಬಂತು.

ಆ ಹಳೇ ಕೋಡ್ ಪಕ್ಕ, ಇದು ನಿಮಗೆ ಅರ್ಥವಾಗಬೇಕಿಲ್ಲ ಅನ್ನೋ ಟಿಪ್ಪಣಿ ಇತ್ತು. ಅಸಲಿಗೆ ನಮಗೂ ಅರ್ಥವಾಗಿರಲಿಲ್ಲ ಅಂತ ಡೆನ್ನಿಸ್ ರಿಚಿ ಆಮೇಲೆ ಒಪ್ಪಿಕೊಂಡರು. ಈ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾಗೋದು ಆ ಒಪ್ಪಿಗೆಯೇ.