ವಯಸ್ಸಿನ ನಿಯಮವೂ ವೃತ್ತಿಯ ಹಕ್ಕೂ: ಸ್ಪೆನ್ಸರ್ ಹೇವುಡ್ಡರ ಕ್ರೀಡಾಜೀವನದ ಪರಿಶೀಲನೆ

ಕ್ರೀಡೆಯ ಚರಿತ್ರೆಯೆಂದರೆ ಸೋಲುಗೆಲುವುಗಳ ಪಟ್ಟಿಯಲ್ಲದೆ ಬೇರೇನೂ ಅಲ್ಲವೆಂಬ ಭಾವನೆ ವಿದ್ವಾಂಸರಲ್ಲಿ ಬಹುಕಾಲ ನೆಲೆಸಿತ್ತು. ಆದರೆ ಆಟವು ಜೀವನೋಪಾಯವಾಗಿ ಪರಿಣಮಿಸಿದ ಮೇಲೆ, ಅದರೊಳಗೆ ಕೂಲಿ, ಕರಾರು, ಒಡೆತನ, ಕಾನೂನು ಇವೆಲ್ಲವೂ ಸೇರಿಕೊಳ್ಳುತ್ತವೆ. ಆಗ ಆಟಗಾರನ ಜೀವನಚರಿತ್ರೆಯು ಶ್ರಮದ ಚರಿತ್ರೆಯ ಒಂದು ಅಧ್ಯಾಯವೇ ಆಗುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಪೆನ್ಸರ್ ಹೇವುಡ್ಡರ ವೃತ್ತಿಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕೆಲಸಮಾಡುವ ಶಕ್ತಿಯುಳ್ಳವನಿಗೆ ಕೆಲಸಮಾಡುವ ಅಧಿಕಾರವನ್ನು ಯಾರು ಕೊಡಬೇಕು, ಯಾರು ತಡೆಯಬಹುದು ಎಂಬ ಪ್ರಶ್ನೆಯೇ ಅದರ ತಿರುಳೆಂದು ನಮಗೆ ತೋರಿದೆ.

ಹೇವುಡ್ಡರು 1949ನೆಯ ಇಸವಿ ಏಪ್ರಿಲ್ 22ರಂದು ಮಿಸಿಸಿಪಿ ಸಂಸ್ಥಾನದ ಸಿಲ್ವರ್ ಸಿಟಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಆಫ್ರಿಕನ್ ಮೂಲದ ಆ ಕುಟುಂಬ ದೊಡ್ಡದು. ತಂದೆ ಮಗುವಿನ ಜನನಕ್ಕೆ ಮುಂಚೆಯೇ ತೀರಿಹೋಗಿದ್ದರು. ಬಾಲ್ಯದಲ್ಲಿಯೇ ಅವರು ಹತ್ತಿಯ ಹೊಲಗಳಲ್ಲಿ ದುಡಿದರು. ದಕ್ಷಿಣದ ಹೊಲಗಳಿಂದ ಉತ್ತರದ ಕೈಗಾರಿಕಾ ನಗರಗಳಿಗೆ ಲಕ್ಷಾಂತರ ಜನ ವಲಸೆ ಹೋದ ಕಾಲವದು. ಆ ಪ್ರವಾಹದಲ್ಲಿಯೇ ಹೇವುಡ್ಡರೂ ಡೆಟ್ರಾಯಿಟ್ ನಗರವನ್ನು ಸೇರಿದರು. ಅಲ್ಲಿ ಪರ್ಷಿಂಗ್ ಪ್ರೌಢಶಾಲೆಯಲ್ಲಿ ವಿಲ್ ರಾಬಿನ್ಸನ್ನರೆಂಬ ಶಿಕ್ಷಕರ ಕೈಕೆಳಗೆ ಅವರ ಆಟ ಕುದುರಿತು. 1967ರಲ್ಲಿ ಆ ಶಾಲೆ ಮಿಚಿಗನ್ ಸಂಸ್ಥಾನದ ಪ್ರಶಸ್ತಿಯನ್ನು ಗೆದ್ದಿತು. ಬಳಿಕ ಅವರು ಕೊಲೊರಾಡೋದ ಟ್ರಿನಿಡಾಡ್ ಎಂಬಲ್ಲಿಯ ಕಿರಿಯ ಕಾಲೇಜಿನಲ್ಲಿ ಒಂದು ವರ್ಷ ಓದಿದರು.

1968ರ ಮೆಕ್ಸಿಕೋ ಒಲಿಂಪಿಕ್ ಕೂಟ ಅವರನ್ನು ಜಗತ್ತಿನ ಮುಂದೆ ತಂದು ನಿಲ್ಲಿಸಿತು. ಆ ವರ್ಷ ಅಮೆರಿಕದಲ್ಲಿ ಜನಾಂಗಭೇದದ ವಿರುದ್ಧ ಕ್ರೀಡಾಪಟುಗಳ ಬಹಿಷ್ಕಾರ ಚಳವಳಿ ನಡೆದಿತ್ತು. ಕಾಲೇಜು ಆಟಗಾರರಲ್ಲಿ ಅಗ್ರಗಣ್ಯರಾಗಿದ್ದ ಲ್ಯೂ ಆಲ್ಸಿಂಡರರು (ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಪ್ರಸಿದ್ಧರಾದವರು) ತಂಡವನ್ನು ಸೇರಲಿಲ್ಲ. ಎಲ್ವಿನ್ ಹೇಯ್ಸ್, ವೆಸ್ ಅನ್ಸೆಲ್ಡ್ ಮೊದಲಾದವರೂ ಬೇರೆಬೇರೆ ಕಾರಣಗಳಿಂದ ದೂರ ಉಳಿದರು. ಹೀಗೆ ತೆರವಾದ ಸ್ಥಳಕ್ಕೆ ಹತ್ತೊಂಬತ್ತರ ಪ್ರಾಯದ ಹೇವುಡ್ಡರು ಬಂದರು. ಅಮೆರಿಕದ ಒಲಿಂಪಿಕ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅದುವರೆಗೆ ಅಷ್ಟು ಕಿರಿಯರು ಆಡಿರಲಿಲ್ಲ. ಅಂತಿಮ ಪಂದ್ಯದಲ್ಲಿ ಅಮೆರಿಕ ಯುಗೊಸ್ಲಾವಿಯವನ್ನು 65–50 ಅಂಕಗಳಿಂದ ಸೋಲಿಸಿತು. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವರು ಹೇವುಡ್ಡರೇ. ಅವರ ಉನ್ನತಿಗೆ ಒಂದು ಬಹಿಷ್ಕಾರ ಅವಕಾಶ ಮಾಡಿಕೊಟ್ಟಿತೆಂಬುದನ್ನು ನಾವು ನೆನಪಿನಲ್ಲಿಡಬೇಕು. ಏಕೆಂದರೆ ಮೂರು ವರ್ಷಗಳೊಳಗೆ ಇನ್ನೊಂದು ಬಗೆಯ ಬಹಿಷ್ಕಾರಕ್ಕೆ ಅವರೇ ಗುರಿಯಾಗಲಿದ್ದರು.

1968–69ರ ಋತುವಿನಲ್ಲಿ ಡೆಟ್ರಾಯಿಟ್ ವಿಶ್ವವಿದ್ಯಾನಿಲಯದ ಪರವಾಗಿ ಆಡಿ, ಪಂದ್ಯವೊಂದಕ್ಕೆ ಸರಾಸರಿ 32 ಅಂಕಗಳನ್ನು ಗಳಿಸಿದ ಮೇಲೆ, ಹೇವುಡ್ಡರು ವೃತ್ತಿ ಆಟಗಾರರಾಗಲು ನಿರ್ಧರಿಸಿದರು. ಆಗ ಅಮೆರಿಕದಲ್ಲಿ ಎರಡು ವೃತ್ತಿಸಂಘಗಳು ಸ್ಪರ್ಧೆಯಲ್ಲಿದ್ದುವು: ಹಳೆಯದಾದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘ ಒಂದು, 1967ರಲ್ಲಿ ಆಟ ಆರಂಭಿಸಿದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಸಂಘ ಇನ್ನೊಂದು. ಪ್ರೌಢಶಾಲೆಯನ್ನು ಮುಗಿಸಿ ನಾಲ್ಕು ವರ್ಷ ಕಳೆಯದ ಯಾರನ್ನೂ ಸೇರಿಸಿಕೊಳ್ಳಬಾರದೆಂಬುದು ರಾಷ್ಟ್ರೀಯ ಸಂಘದ ನಿಯಮ. ಹೊಸ ಸಂಘವು ಬಡತನವನ್ನು ಕಾರಣವಾಗಿ ಮುಂದಿಟ್ಟು ಹೇವುಡ್ಡರಿಗೆ ವಿನಾಯಿತಿ ಕೊಟ್ಟಿತು. ಡೆನ್ವರ್ ತಂಡದ ಪರವಾಗಿ 1969–70ರಲ್ಲಿ ಆಡಿದ ಅವರು ಪಂದ್ಯಕ್ಕೆ ಸರಾಸರಿ 30 ಅಂಕಗಳನ್ನೂ 19.5 ರೀಬೌಂಡುಗಳನ್ನೂ, ಎಂದರೆ ಗುರಿತಪ್ಪಿ ಮರಳಿದ ಚೆಂಡನ್ನು ಹಿಡಿದ ಸಂದರ್ಭಗಳನ್ನೂ, ಪಡೆದು ಎರಡರಲ್ಲಿಯೂ ಮೊದಲಿಗರಾದರು. ಒಂದೇ ವರ್ಷ ಅತ್ಯುತ್ತಮ ಹೊಸ ಆಟಗಾರನೆಂಬ ಬಿರುದೂ ಅತ್ಯಮೂಲ್ಯ ಆಟಗಾರನೆಂಬ ಬಿರುದೂ ಅವರಿಗೆ ಬಂದುವು.

ಆದರೆ ಕರಾರಿನ ವಿಷಯದಲ್ಲಿ ತಕರಾರು ಹುಟ್ಟಿತು. ಪತ್ರಿಕೆಗಳಲ್ಲಿ ಸುಮಾರು 19 ಲಕ್ಷ ಡಾಲರುಗಳೆಂದು ಪ್ರಕಟವಾಗಿದ್ದ ಮೊತ್ತದ ಬಹುಭಾಗ ಕೈಗೆ ಬರಬೇಕಾದುದು ಬಹುಕಾಲದ ಅನಂತರ. ತಾವು ಅಪ್ರಾಪ್ತವಯಸ್ಕರಾಗಿದ್ದಾಗ ಕರಾರಾಯಿತೆಂದೂ ತಮ್ಮನ್ನು ಮೋಸಗೊಳಿಸಲಾಯಿತೆಂದೂ ಹೇವುಡ್ಡರು ವಾದಿಸಿ ಡೆನ್ವರನ್ನು ತೊರೆದು, 1970ರ ಕೊನೆಯಲ್ಲಿ ಸಿಯಾಟಲ್ ತಂಡದ ಒಡೆಯರಾದ ಸ್ಯಾಮ್ ಶುಲ್ಮನ್ನರೊಡನೆ ಒಪ್ಪಂದ ಮಾಡಿಕೊಂಡರು. ಸಿಯಾಟಲ್ ರಾಷ್ಟ್ರೀಯ ಸಂಘಕ್ಕೆ ಸೇರಿದ ತಂಡ. ಹೇವುಡ್ಡರು ಪ್ರೌಢಶಾಲೆ ಮುಗಿಸಿ ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಸಂಘವು ಒಪ್ಪಂದಕ್ಕೆ ಮಾನ್ಯತೆ ಕೊಡಲೊಪ್ಪದೆ ಹೋದುದರಿಂದ ಹೇವುಡ್ಡರು ನ್ಯಾಯಾಲಯದ ಮೊರೆಹೊಕ್ಕರು. ಒಂದು ಉದ್ಯಮದ ಒಡೆಯರೆಲ್ಲರೂ ಕೂಡಿ ಒಬ್ಬನಿಗೆ ಕೆಲಸ ಕೊಡುವುದಿಲ್ಲವೆಂದು ಕಟ್ಟುಮಾಡಿಕೊಳ್ಳುವುದು ಸಾಮೂಹಿಕ ಬಹಿಷ್ಕಾರವೆಂದೂ, ಅದು 1890ರ ಶರ್ಮನ್ ಶಾಸನಕ್ಕೆ ವಿರುದ್ಧವೆಂದೂ ಅವರ ವಾದ.

ಈ ವ್ಯಾಜ್ಯದ ಕಾಲದಲ್ಲಿ ಅವರು ಪಟ್ಟ ಅವಮಾನ ಸಣ್ಣದಲ್ಲ. ತಡೆಯಾಜ್ಞೆಯಿದ್ದಾಗ ಆಡುವುದು, ಅದು ತೆರವಾದಾಗ ಹೊರಗೆ ಕೂರುವುದು ಎಂಬಂತೆ ದಿನಗಳು ಕಳೆದುವು. ಕೆಲವು ಕ್ರೀಡಾಂಗಣಗಳಲ್ಲಿ ಅವರು ಅಂಕಣಕ್ಕಿಳಿದಾಗ ಕಾನೂನುಬಾಹಿರ ಆಟಗಾರನೊಬ್ಬನು ಒಳಗೆ ಬಂದಿದ್ದಾನೆಂದು ಧ್ವನಿವರ್ಧಕದಲ್ಲಿ ಸಾರಲಾಗುತ್ತಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಋತುವಿನಲ್ಲಿ ಸಿಯಾಟಲ್ ಪರವಾಗಿ ಅವರು ಆಡಿದುದು 33 ಪಂದ್ಯಗಳನ್ನು ಮಾತ್ರ.

ಇಲ್ಲಿ ಆಧಾರಗಳನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕಾಗಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನಾಲ್ಕು ವರ್ಷಗಳ ನಿಯಮವನ್ನು ಏಳು–ಎರಡರ ಬಹುಮತದಿಂದ ರದ್ದುಮಾಡಿತೆಂಬುದು ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಆದರೆ 1971ರ ಮಾರ್ಚ್ 1ರ ದಿನಾಂಕದಲ್ಲಿ ಪ್ರಕಟವಾಗಿರುವ ಅಭಿಪ್ರಾಯ ನ್ಯಾಯಮೂರ್ತಿ ವಿಲಿಯಂ ಡಗ್ಲಾಸರು ತಮ್ಮ ಮಂಡಲಾಧಿಕಾರದಿಂದ ಬರೆದುದು. ಮೇಲ್ಮನವಿಯ ನ್ಯಾಯಾಲಯ ತಡೆಹಿಡಿದಿದ್ದ ತಾತ್ಕಾಲಿಕ ಆಜ್ಞೆಯನ್ನು ಅದು ಮತ್ತೆ ಜಾರಿಗೆ ತಂದಿತು. ನಿಯಮದ ನ್ಯಾಯಾನ್ಯಾಯವನ್ನು ಅಂತಿಮವಾಗಿ ತೀರ್ಮಾನಿಸಲಿಲ್ಲ. ನಿಯಮವು ಶಾಸನಬಾಹಿರವೆಂದು ಅದೇ ವರ್ಷ ಹೇಳಿದವರು ಕ್ಯಾಲಿಫೋರ್ನಿಯದ ಜಿಲ್ಲಾ ನ್ಯಾಯಾಧೀಶರಾದ ವಾರೆನ್ ಫರ್ಗುಸನ್ನರು. ಬಳಿಕ ಉಭಯ ಪಕ್ಷಗಳೂ ರಾಜಿಯಾದುವು.

ಈ ಭೇದವನ್ನು ಎತ್ತಿಹೇಳುವುದರಿಂದ ಡಗ್ಲಾಸರ ಬರಹದ ಮಹತ್ತ್ವವೇನೂ ಕುಗ್ಗುವುದಿಲ್ಲ. ಆಟದಿಂದ ದೂರವಿಟ್ಟರೆ ಆಟಗಾರನ ವೃತ್ತಿಕಾಲದ ದೊಡ್ಡ ಭಾಗವೇ ವ್ಯರ್ಥವಾಗುವುದು, ದೇಹದಾರ್ಢ್ಯವೂ ಕುಶಲತೆಯೂ ಕುಂದುವುವು, ಜನರಲ್ಲಿರುವ ಹೆಸರು ಮಾಸುವುದು, ಆತ್ಮಗೌರವಕ್ಕೆ ಧಕ್ಕೆಯಾಗುವುದು ಎಂಬ ವಾದಕ್ಕೆ ಅಲ್ಲಿ ಮನ್ನಣೆ ದೊರಕಿತು. ಬೇಸ್‌ಬಾಲಿಗಿದ್ದ ವಿನಾಯಿತಿ ಬ್ಯಾಸ್ಕೆಟ್‌ಬಾಲಿಗಿಲ್ಲವೆಂದೂ ಅದು ಸ್ಪಷ್ಟಪಡಿಸಿತು. ಇದರ ಬೆಲೆ ಎಷ್ಟೆಂಬುದು 1972ರಲ್ಲಿ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ಡರು ತಮ್ಮ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಾಗ ತಿಳಿಯಿತು. ಹೊಲದ ಕೂಲಿಗೆ ಮುಪ್ಪಿನವರೆಗೂ ದುಡಿಮೆಯುಂಟು. ಆಟಗಾರನಿಗೆ ಇರುವುದು ಹತ್ತು ಹದಿನೈದು ವರ್ಷಗಳು. ಅದರಲ್ಲಿ ಒಂದು ವರ್ಷವನ್ನು ಕಳೆದರೆ ಮತ್ತೆ ಕೊಡುವವರಿಲ್ಲ.

ಮುಂದಿನ ನಾಲ್ಕು ವರ್ಷಗಳು ಹೇವುಡ್ಡರ ಉತ್ಕರ್ಷಕಾಲ. 1972, 1973ರಲ್ಲಿ ಅವರು ರಾಷ್ಟ್ರೀಯ ಸಂಘದ ಐದು ಮಂದಿ ಶ್ರೇಷ್ಠರ ಮೊದಲ ಪಂಕ್ತಿಯಲ್ಲಿ ಗಣನೆಗೊಂಡರು. 1972–73ರಲ್ಲಿ ಅವರ ಸರಾಸರಿ 29.2 ಅಂಕಗಳು. 1975ರಲ್ಲಿ ಬಿಲ್ ರಸೆಲ್ಲರ ಶಿಕ್ಷಣದಲ್ಲಿ ಸಿಯಾಟಲ್ ತಂಡ ಮೊದಲ ಬಾರಿಗೆ ಋತುವಿನ ಕೊನೆಯ ಪ್ರಶಸ್ತಿಸುತ್ತಿಗೆ ಏರಿತು. ಅದೇ ವರ್ಷ ಅವರನ್ನು ನ್ಯೂಯಾರ್ಕಿಗೆ ಕಳುಹಿಸಲಾಯಿತು. ಅಲ್ಲಿಂದ ನ್ಯೂ ಆರ್ಲಿಯನ್ಸ್, ಆಮೇಲೆ ಲಾಸ್ ಏಂಜಲಿಸ್. 1980ರಲ್ಲಿ ಲಾಸ್ ಏಂಜಲಿಸ್ ತಂಡ ಅಂತಿಮ ಸರಣಿಯಲ್ಲಿ ಆಡುತ್ತಿದ್ದಾಗಲೇ ಹೇವುಡ್ಡರನ್ನು ತಂಡದಿಂದ ಹೊರಗಿಟ್ಟರು. ಕೊಕೇನಿನ ಚಟಕ್ಕೆ ಸಿಕ್ಕಿ ಅಭ್ಯಾಸದ ವೇಳೆಯಲ್ಲಿ ನಿದ್ದೆಹೋದುದನ್ನು ಅವರೇ ಮುಂದೆ ಒಪ್ಪಿಕೊಂಡರು. ನ್ಯಾಯಾಲಯದಲ್ಲಿ ಗೆದ್ದುಕೊಂಡ ವರ್ಷಗಳಲ್ಲಿ ಕೆಲವನ್ನು ತಾವೇ ಕಳೆದುಕೊಂಡರೆಂದು ಹೇಳಬೇಕಾಗುತ್ತದೆ. ಚರಿತ್ರೆಕಾರನು ಇದನ್ನು ಮರೆಮಾಡಬಾರದು. ಇದರಿಂದ ಅವರ ಹಕ್ಕಿನ ವಾದ ಸುಳ್ಳಾಯಿತೆಂದು ಭಾವಿಸಲೂ ಬಾರದು.

ಆಗ ಅವರಿಗೆ ಆಶ್ರಯವಿತ್ತದ್ದು ಇಟಲಿಯ ವೆನಿಸ್ ನಗರ. ಅಲ್ಲಿಯ ರೇಯರ್ ಸಂಸ್ಥೆ 1872ರಲ್ಲಿ ಅಂಗಸಾಧನೆಯ ಕೂಟವಾಗಿ ಹುಟ್ಟಿ, 1942, 1943ರಲ್ಲಿ ಇಟಲಿಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿಯನ್ನು ಗೆದ್ದಿದ್ದ ಹಳೆಯ ಸಂಸ್ಥೆ. ಇಟಲಿಯ ತಂಡವೊಂದರಲ್ಲಿ ಆಗ ಇಬ್ಬರು ವಿದೇಶೀಯರಿಗೆ ಮಾತ್ರ ಅವಕಾಶವಿತ್ತು. 1980–81ರಲ್ಲಿ ವೆನಿಸ್ಸಿನ ಇನ್ನೊಬ್ಬ ವಿದೇಶೀಯರು ಯುಗೊಸ್ಲಾವಿಯದ ದ್ರಾಜೆನ್ ದಲಿಪಾಗಿಚ್. 1980ರ ಮಾಸ್ಕೋ ಒಲಿಂಪಿಕ್ಕಿನಲ್ಲಿ ಚಿನ್ನದ ಪದಕ ಗೆದ್ದು ಬಂದವರು. ಆ ಋತುವಿನಲ್ಲಿ ತಂಡವು ಯೂರೋಪಿನ ಕೊರಾಚ್ ಪಾರಿತೋಷಕದ ಅಂತಿಮ ಪಂದ್ಯವನ್ನು ಮುಟ್ಟಿ, ಬಾರ್ಸಿಲೋನಾದಲ್ಲಿ ಹೆಚ್ಚುವರಿ ವೇಳೆಯ ಆಟದಲ್ಲಿ ಬದಲೋನಾದ ಹೊವೆಂತುತ್ ತಂಡಕ್ಕೆ 105–104ರಿಂದ, ಎಂದರೆ ಒಂದೇ ಅಂಕದಿಂದ, ಸೋತಿತು.

ಈ ಇಬ್ಬರು ಒಂದೇ ತಂಡದಲ್ಲಿ ಕೂಡಿದುದು ನಮಗೆ ಅರ್ಥವತ್ತಾಗಿ ಕಾಣುತ್ತದೆ. ಯುಗೊಸ್ಲಾವಿಯದಲ್ಲಿ ಸುಮಾರು ಇಪ್ಪತ್ತೆಂಟರ ಪ್ರಾಯದವರೆಗೆ ಆಟಗಾರರು ಹೊರದೇಶದ ತಂಡಗಳಿಗೆ ಹೋಗಬಾರದೆಂಬ ಕಟ್ಟುಪಾಡಿತ್ತು. 1951ರಲ್ಲಿ ಹುಟ್ಟಿದ ದಲಿಪಾಗಿಚ್ಚರು ಆ ವಯಸ್ಸು ದಾಟಿದ ಮೇಲೆಯೇ ವೆನಿಸ್ಸಿಗೆ ಬಂದರು. ಅಲ್ಲದೆ ಅಮೆರಿಕದ ವೃತ್ತಿಸಂಘದಲ್ಲಿ ಆಡಿದವರಿಗೆ 1989ರವರೆಗೆ ಒಲಿಂಪಿಕ್ ಬಾಗಿಲು ಮುಚ್ಚಿತ್ತು. ಒಂದು ದೇಶದಲ್ಲಿ ಖಾಸಗಿ ಒಡೆಯರ ಸಂಘ, ಇನ್ನೊಂದರಲ್ಲಿ ಸಮಾಜವಾದಿ ವ್ಯವಸ್ಥೆ: ಆರ್ಥಿಕ ಸಿದ್ಧಾಂತಗಳು ಪರಸ್ಪರ ವಿರುದ್ಧ. ಆದರೂ ಯುವಕನ ದುಡಿಮೆಯ ಮೇಲೆ ವಯಸ್ಸಿನ ಬೇಲಿ ಹಾಕುವುದರಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿರಲಿಲ್ಲ.

1981–82ರ ಋತುವಿನಲ್ಲಿ ಹೇವುಡ್ಡರು ತಾಯ್ನಾಡಿಗೆ ಮರಳಿ ವಾಷಿಂಗ್ಟನ್ ತಂಡದಲ್ಲಿ ಆಡಿ, 1983ರಲ್ಲಿ ನಿವೃತ್ತರಾದರು. ಎರಡು ಸಂಘಗಳನ್ನೂ ಸೇರಿಸಿದರೆ ಅವರ ಅಂಕಗಳು ಹದಿನೇಳು ಸಾವಿರವನ್ನು ಮೀರುತ್ತವೆ. ಸಿಯಾಟಲ್ ತಂಡ ಅವರ 24ನೆಯ ಸಂಖ್ಯೆಯನ್ನು ಗೌರವಾರ್ಥವಾಗಿ ತೆಗೆದಿರಿಸಿದುದು 2007ರಲ್ಲಿ. ನೈಸ್ಮಿತ್ ಸ್ಮಾರಕ ಮಂದಿರದಲ್ಲಿ ಅವರಿಗೆ ಸ್ಥಾನ ದೊರೆತುದು 2015ರಲ್ಲಿ.

ಅವರ ಹೋರಾಟದ ಫಲವಾದರೋ ಮೊದಲೇ ಇತರರಿಗೆ ದಕ್ಕಿತ್ತು. 1971ರಲ್ಲಿಯೇ ರಾಷ್ಟ್ರೀಯ ಸಂಘವು ಬಡತನದ ಆಧಾರದ ಮೇಲೆ ವಿನಾಯಿತಿ ಕೊಡತೊಡಗಿತು. 1976ರಲ್ಲಿ ಆ ಷರತ್ತೂ ಹೋಯಿತು. 1995ರಲ್ಲಿ ಕೆವಿನ್ ಗಾರ್ನೆಟ್ಟರು ಪ್ರೌಢಶಾಲೆಯಿಂದ ನೇರವಾಗಿ ಸಂಘವನ್ನು ಪ್ರವೇಶಿಸಿದರು. 2005ರ ಒಪ್ಪಂದದಿಂದ ಹತ್ತೊಂಬತ್ತು ವರ್ಷಗಳ ಮಿತಿಯೊಂದು ಮತ್ತೆ ಬಂದಿತು. ಆದರೆ ಅದು ಒಡೆಯರು ಏಕಪಕ್ಷೀಯವಾಗಿ ಹೇರಿದ ಕಟ್ಟಲ್ಲ, ಆಟಗಾರರ ಸಂಘದೊಡನೆ ಚೌಕಾಸಿ ನಡೆಸಿ ಗೊತ್ತುಮಾಡಿದುದು. ಇಲ್ಲಿಯೂ ಒಂದು ತೊಡಕುಂಟು: ಚೌಕಾಸಿಯಲ್ಲಿ ಮತ ಹಾಕುವವರು ಒಳಗಿರುವ ಆಟಗಾರರು, ಹೊರಗೆ ನಿಂತ ಹದಿನೆಂಟರ ಹುಡುಗನಿಗೆ ಅಲ್ಲಿ ದನಿಯಿಲ್ಲ.

ಆದುದರಿಂದ ಹೇವುಡ್ಡರ ಗೆಲುವನ್ನು ಮುಗಿದುಹೋದ ಗೆಲುವೆಂದು ಹೇಳಲು ನಾವು ಸಿದ್ಧರಿಲ್ಲ. ಬೇಲಿಯನ್ನು ಅವರು ಶಾಶ್ವತವಾಗಿ ಕಿತ್ತೊಗೆಯಲಿಲ್ಲ. ಬೇಲಿ ಹಾಕುವವನು ಕಾರಣ ಹೇಳಬೇಕೆಂಬುದನ್ನು ಸ್ಥಾಪಿಸಿದರು. ಹತ್ತಿಯ ಹೊಲದಲ್ಲಿ ದುಡಿಯಲು ಬಾಲಕನಿಗೆ ವಯಸ್ಸು ಸಾಲದೆಂದು ಯಾರೂ ಹೇಳಿರಲಿಲ್ಲ. ಆಟದ ಅಂಕಣದಲ್ಲಿ ದುಡಿಯಹೊರಟಾಗ ಮಾತ್ರ ಅವನ ವಯಸ್ಸನ್ನು ಲೆಕ್ಕಹಾಕಿದರು. ಈ ಅಸಂಗತಿಯನ್ನು ಕಾನೂನಿನ ಮುಂದಿಟ್ಟುದೇ ಅವರ ವೃತ್ತಿಜೀವನದ ಚಾರಿತ್ರಿಕ ಬೆಲೆಯೆಂದು ನಮ್ಮ ಅಭಿಪ್ರಾಯ.