ಎರಿ ಹೊಲದ ತಪ್ಪಲ ಪಲ್ಯ ಮತ್ತು ಕ್ರೀಟ್ ದ್ವೀಪದ ಊಟದ ಸಸ್ಯಗಳು: ಚಿಂಚೋಳಿ–ಸೇಡಂ ಸೀಮೆಯ ನೆಲೆಯಿಂದ ಒಂದು ತುಲನೆ

ಕಲಬುರಗಿ ಜಿಲ್ಲೆಯ ಚಂದಾಪುರ, ಚಿಂಚೋಳಿಗಳಿಂದ ಸೇಡಂ, ಚಿತ್ತಾಪುರದ ಕಡೆಗೆ ಹರಡಿರುವ ಎರಿ ಭೂಮಿಯಲ್ಲಿ ಹಿಂಗಾರಿಗೆ ಕಡಲೆ, ಕುಸುಬಿ, ಅಗಸಿ ಬಿತ್ತುತ್ತಾರೆ. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಚೆಲ್ಲುತ್ತಾರೆ. ಇವುಗಳಲ್ಲಿ ಯಾವುದೂ ಮೂಲತಃ ದಖನ್ನಿನದಲ್ಲ; ಪಶ್ಚಿಮ ಏಷ್ಯಾ ಮತ್ತು ಮೆಡಿಟರೇನಿಯನ್ ಆಸುಪಾಸಿನ ನೆಲದಿಂದ ಬಂದವು. ಯಾವ ದಾರಿಯಲ್ಲಿ ಬಂದವು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಬಂದವು ಇಲ್ಲಿಯೇ ಏಕೆ ನಿಂತವು ಎಂಬುದು ಈ ಲೇಖನದ ವಿಷಯ.

ಹೋಲಿಕೆಗೆ ಕ್ರೀಟ್ ದ್ವೀಪವನ್ನು ಆರಿಸಿಕೊಳ್ಳಲು ಕಾರಣ ಅಲ್ಲಿಯ ಲಿಖಿತ ಸಾಕ್ಷ್ಯ. 1900ರಲ್ಲಿ ಆರ್ಥರ್ ಇವಾನ್ಸ್ ಅಗೆಯಲು ತೊಡಗಿದ ಕ್ನಾಸೊಸ್ ಅರಮನೆಯಲ್ಲಿ ಸಿಕ್ಕ ಮಣ್ಣಿನ ಫಲಕಗಳ ಲೀನಿಯರ್ ಬಿ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಬಿಡಿಸಿದರು. ಓದಿದಾಗ ಕಂಡದ್ದು ಕಾವ್ಯವಲ್ಲ, ಉಗ್ರಾಣದ ಲೆಕ್ಕ. ಆ ಲೆಕ್ಕದಲ್ಲಿ ಕೊತ್ತಂಬರಿ ಮತ್ತೆ ಮತ್ತೆ ಬರುತ್ತದೆ. ಕುಸುಬಿಯ ಸಾಕ್ಷ್ಯ ದ್ವೀಪದ ಉತ್ತರಕ್ಕಿರುವ ಗ್ರೀಸ್‌ನ ಮೈಸಿನಿಯದು, ಕ್ರಿ.ಪೂ. 13ನೇ ಶತಮಾನದ್ದು. ಅಲ್ಲಿಯ ಫಲಕಗಳಲ್ಲಿ ಕೆಂಪು ಕುಸುಬಿಯನ್ನು ತೂಕದಲ್ಲಿ, ಬಿಳಿ ಕುಸುಬಿಯನ್ನು ಅಳತೆಯಲ್ಲಿ ಬರೆದಿದ್ದಾರೆ. ಕೆಂಪು ಎಂದರೆ ಬಣ್ಣದ ಎಸಳು, ಬಿಳಿ ಎಂದರೆ ಕಾಳು. ಕಾಳನ್ನು ಸೇರಿನಲ್ಲಿ ಅಳೆದ ನಮ್ಮ ಹಿರಿಯರಿಗೆ ಈ ಲೆಕ್ಕ ಹೊಸದೆನಿಸುತ್ತಿರಲಿಲ್ಲ.

ಕ್ರೀಟ್‌ನಲ್ಲಿ ಮಳೆ ಚಳಿಗಾಲದ್ದು. ಆ ಸೀಮೆಯ ಬೆಳೆಗಳು ತಂಪಿನಲ್ಲಿ ಬೆಳೆದು, ಬಿಸಿಲು ಏರುವ ಹೊತ್ತಿಗೆ ಮಾಗುತ್ತವೆ. ಕಲಬುರಗಿ ಜಿಲ್ಲೆಯಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ, ಚಳಿಗಾಲ ಒಣಗಾಲ. ಹಾಗಿದ್ದೂ ಕಡಲೆ, ಕುಸುಬಿ ಇಲ್ಲಿ ಒಗ್ಗಿದ್ದು ಮಣ್ಣಿನ ಬಲದಿಂದ. ಎರಿ ಮಣ್ಣು ಮಳೆಗಾಲದ ಹಸಿಯನ್ನು ಆಳದಲ್ಲಿ ಹಿಡಿದಿಟ್ಟು ತಿಂಗಳುಗಟ್ಟಲೆ ಬೇರಿಗೆ ಉಣಿಸುತ್ತದೆ. ಅಲ್ಲಿ ಆಕಾಶ ಮಾಡುವ ಕೆಲಸವನ್ನು ಇಲ್ಲಿ ನೆಲ ಮಾಡುತ್ತದೆ. ಚಿಂಚೋಳಿಯ ಗುಡ್ಡಗಳ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಈ ಗುಣವಿಲ್ಲ.

ಈ ಬೆಳೆಗಳು ಕಾಳಾಗುವ ಮೊದಲೇ ತಪ್ಪಲಾಗಿ ಅಡುಗೆಮನೆ ಸೇರುತ್ತವೆ. ಬಿತ್ತಿದ ಒಂದು ತಿಂಗಳಿಗೆ ಕಡಲೆಯ ಕುಡಿ ಚಿವುಟುತ್ತಾರೆ. ಗಿಡ ಕವಲೊಡೆದು ಹೂ ಹೆಚ್ಚುತ್ತದೆ, ಮನೆಗೆ ಹುಳಿಯಾದ ಪಲ್ಯ ಸಿಗುತ್ತದೆ. ಆ ಹುಳಿ ಎಲೆಯ ಮೇಲಿನ ಸಣ್ಣ ರೋಮಗಳಿಂದ ಒಸರುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲದ್ದು. ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗಿನ ಇಬ್ಬನಿಯಲ್ಲಿ ನೆನೆದದ್ದನ್ನು ಹಿಂಡಿ ಕಡ್ಲಿ ಹುಳಿ ಇಳಿಸುವ ರೂಢಿಯೂ ಇತ್ತು. ಕುಸುಬಿಯದು ಇನ್ನೊಂದು ಬಗೆ. ಮುಳ್ಳು ಬಲಿಯುವ ಮೊದಲು ಎಲೆ ಪಲ್ಯ. ಮುಳ್ಳು ಬಲಿತ ಮೇಲೆ ಜೋಳದ ಹೊಲದ ಅಂಚಿನ ಸಾಲು ದನಕ್ಕೆ ಬೇಲಿ. ಕೊನೆಗೆ ಕಾಳು ಗಾಣಕ್ಕೆ. ಒಂದೇ ಗಿಡಕ್ಕೆ ಇಷ್ಟು ಕೆಲಸ ಹಚ್ಚಿದ ಬೇಸಾಯವನ್ನು ಹಿಂದುಳಿದದ್ದು ಎನ್ನುವುದು ಅವಿವೇಕ.

ಎಳ್ಳ ಅಮಾವಾಸ್ಯೆಯ ಭಜ್ಜಿಯಲ್ಲಿ ಈ ಇಡೀ ಹೊಲ ಒಂದು ಗಡಿಗೆಗೆ ಇಳಿಯುತ್ತದೆ: ಹಸಿ ತೊಗರಿ, ಅವರೆ, ಕಡಲೆ ಕುಡಿ, ಮೆಂತ್ಯ, ಹುಣಸೆ, ಮೇಲೆ ಕಡಲೆ ಹಿಟ್ಟು, ಜೊತೆಗೆ ಸಜ್ಜಿ ರೊಟ್ಟಿ. ಈ ಸೀಮೆಯಲ್ಲಿ ಉಣ್ಣುವ ಪುಂಡಿ ಪಲ್ಯದ ವಂಶ ಮಾತ್ರ ಬೇರೆ. ಅದು ಆಫ್ರಿಕಾ ಮೂಲದ ಮುಂಗಾರಿ ಗಿಡ.

ಬಿತ್ತದೆ ಬರುವ ತಪ್ಪಲಿನಲ್ಲಿ ಸಾಮ್ಯ ಇನ್ನೂ ಹತ್ತಿರದ್ದು. ಕ್ರೀಟ್‌ನವರು ಕಹಿ ಹಾಲಿನ ಕಾಡು ಸೊಪ್ಪನ್ನು ಬೇಯಿಸಿ ಆಲಿವ್ ಎಣ್ಣೆ, ನಿಂಬೆ ಹಿಂಡಿ ತಿನ್ನುತ್ತಾರೆ. ನಾವು ಅದೇ ಸಸ್ಯ ಕುಟುಂಬದ ಹತ್ತರಕಿಯನ್ನು ಹಸಿಯಾಗಿಯೇ ರೊಟ್ಟಿ, ಶೇಂಗಾ ಹಿಂಡಿಯೊಂದಿಗೆ ಕಡಿಯುತ್ತೇವೆ. ಗೋಳಿ ಪಲ್ಯ ಎರಡೂ ಕಡೆ ಒಂದೇ ಸಸ್ಯ. ಅದರಲ್ಲಿ ಒಮೆಗಾ-3 ಕೊಬ್ಬಿನಾಮ್ಲ ಇರುವುದನ್ನು 1986ರಲ್ಲಿ ಆರ್ಟೆಮಿಸ್ ಸಿಮೋಪೌಲೋಸ್ ಮತ್ತು ಅವರ ಸಂಗಡಿಗರೊಬ್ಬರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕದ ಗಮನ ಅತ್ತ ಹರಿಯಿತು. ಇಲ್ಲಿ ಅದನ್ನು ಈಗಲೂ ಕಳೆಯೆಂದೇ ಕೀಳುತ್ತಾರೆ. ಕಳೆನಾಶಕ ಬಂದ ಮೇಲೆ ಕೀಳುವ ಕೈಯೂ ಬೇಕಿಲ್ಲ. ಕಿತ್ತದ್ದು ಬುಟ್ಟಿಗಾದರೂ ಬೀಳುತ್ತಿತ್ತು. ತೊಗರಿಗೆ ದರ ಬಂದು, ಅಂಗಡಿಯಲ್ಲಿ ಅಗ್ಗದ ತಾಳೆ ಎಣ್ಣೆ ಸಿಗತೊಡಗಿದಂತೆ ಕುಸುಬಿ ಸಾಲುಗಳೂ ತೆಳುವಾದವು.

ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಲೆಲ್ಯಾಂಡ್ ಆಲ್‌ಬಾ ಕ್ರೀಟ್‌ನ ಮನೆಗಳ ಊಟವನ್ನು ಸಮೀಕ್ಷೆ ಮಾಡಿ 1953ರಲ್ಲಿ ಪ್ರಕಟಿಸಿದರು. ಮುಂದೆ ಆನ್ಸೆಲ್ ಕೀಸ್ ಅವರ ಏಳು ದೇಶಗಳ ಅಧ್ಯಯನದಲ್ಲಿ ಆ ದ್ವೀಪದವರ ಹೃದಯದ ಆರೋಗ್ಯ ಎದ್ದು ಕಂಡಾಗ, ಅವರು ಏನುಣ್ಣುತ್ತಿದ್ದರು ಎನ್ನಲು ಆಧಾರ ಸಿದ್ಧವಿತ್ತು. ನಮ್ಮ ಬೆಳೆ ಲೆಕ್ಕದಲ್ಲಿ ಕಡಲೆ ಕ್ವಿಂಟಲ್‌ನಲ್ಲಿ ಬರುತ್ತದೆ, ಚಿವುಟಿದ ಕುಡಿ ಬರುವುದಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರಾಗಲಿ, ಸೇಡಂ–ಚಿಂಚೋಳಿಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗದವರಾಗಲಿ ಒಂದು ಇಡೀ ವರ್ಷ, ಋತುವಾರು, ಊರೂರಿನ ಅಡುಗೆಮನೆಗೆ ಹೋಗಿ ತಪ್ಪಲಿನ ಹೆಸರು, ತೂಕ, ಕಿತ್ತ ಹೊಲವನ್ನು ಬರೆದುಕೊಳ್ಳಬೇಕು. ಹತ್ತರಕಿಯನ್ನು ಗುರುತಿಸಿ ಕೀಳಬಲ್ಲ ಹೆಣ್ಣುಮಕ್ಕಳನ್ನು ಈ ಕೆಲಸದಲ್ಲಿ ಕೂಲಿ ಕೊಟ್ಟು ಸೇರಿಸಿಕೊಳ್ಳಬೇಕು.